ಪಕ್ಕದ ಪ್ಯಾಸೇಜಿಗೆ ಇಂಟರ್‌ಲಾಕ್ ಹಾಕಬೇಕು, ಪಾಯದ ಕಾಂಕ್ರೀಟ್ ಅಡ್ಡ ಬಂದಿದೆ. ಒಡೆಸಬಹುದಾ?

ಅಂಗಳದಾಕೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಕಟ್ಟಡದ ಕೆಲಸ ಗೊತ್ತಿರುವವರು ಯಾರಾದರೂ ಬೇಗ ಹೇಳಿ. ನಾಳೆ ಬೆಳಿಗ್ಗೆ ಮೇಸ್ತ್ರಿ ಕಾಂಕ್ರೀಟ್ ಒಡೆಯುವ ಬ್ರೇಕರ್ ಮಷೀನ್ ತರುತ್ತೇನೆ ಅಂದಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ನಮ್ಮದು 30-40 ಸೈಟು. ಮಾವ 2003ರಲ್ಲಿ ಕಟ್ಟಿಸಿದ ಮನೆ. ಸೈಜು ಕಲ್ಲಿನ ಪಾಯ, ಇಟ್ಟಿಗೆ ಗೋಡೆ. 2011ರಲ್ಲಿ ಮೇಲೆ ಒಂದು ರೂಮು ಸೇರಿಸಿ, ಪ್ಯಾಸೇಜಿನ ಕಡೆ ಎರಡು ಪಿಲ್ಲರ್ ಎಬ್ಬಿಸಿ ಬಾಲ್ಕನಿ ಮಾಡಿದೆವು. ಎಡಗಡೆ ಗೋಡೆಗೂ ಕಾಂಪೌಂಡಿಗೂ ನಡುವೆ ಮೂರೂವರೆ ಅಡಿ ಜಾಗ ಇದೆ. ಹಿಂದಿನ ಒಗೆಯೋ ಕಲ್ಲಿಗೆ ಹೋಗಲು ಅದೊಂದೇ ದಾರಿ. ಮಳೆ ಬಂದರೆ ಬರೀ ಕೆಸರು. ಹೋದ ವರ್ಷ ಅತ್ತೆ ಬಟ್ಟೆ ಬಕೆಟ್ ಸಮೇತ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆವತ್ತೇ ಇಲ್ಲಿಗೆ ಇಂಟರ್‌ಲಾಕ್ (ಒಂದಕ್ಕೊಂದು ಸೇರಿಸಿ ಹಾಸುವ ಸಿಮೆಂಟ್ ಪೇವರ್) ಹಾಕಿಸುವುದು ಅಂತ ಮನೆಯಲ್ಲಿ ತೀರ್ಮಾನವಾಯಿತು.

ಈಗ ಮಣ್ಣು ಕೆದಕಿದರೆ ಬರೀ ಒಂದು ಇಂಚಿನ ಕೆಳಗೆ ಕಾಂಕ್ರೀಟ್ ಸಿಕ್ಕಿದೆ. ಗೋಡೆಯಿಂದ ಏಳೆಂಟು ಇಂಚು ಹೊರಗೆ ಬಂದಿದೆ, ಉದ್ದಕ್ಕೂ ಇದೆ. ಪಿಲ್ಲರ್ ಇರುವ ಎರಡು ಕಡೆ ಇನ್ನೂ ಅಗಲ, ಹೆಚ್ಚುಕಡಿಮೆ ಎರಡಡಿ. ಇಂಟರ್‌ಲಾಕಿಗೆ ಏಳೆಂಟು ಇಂಚು ಅಗೆಯಬೇಕಂತೆ. "ಅದು ಪಾಯದ ಹೊರಗಡೆ ಅಂಚು ಮೇಡಂ, ಒಡೆದರೆ ಏನೂ ಆಗಲ್ಲ, ಎರಡು ಗಂಟೆ ಕೆಲಸ" ಅಂತಾರೆ ಮೇಸ್ತ್ರಿ. ಯಜಮಾನರು ಕೂಡ ಒಡೆಸಿಬಿಡೋಣ ಅಂತಿದ್ದಾರೆ. ಏನು ಮಾಡಲಿ?

ಹೊಸಮನೆ_ಸಾಲ (ಬೆಂಗಳೂರು)

ಮೊದಲು ಮೇಸ್ತ್ರಿಗೆ ಫೋನ್ ಮಾಡಿ ನಾಳೆ ಬರಬೇಡಿ ಅನ್ನಿ. ಉಳಿದದ್ದು ಆಮೇಲೆ ಮಾತಾಡೋಣ.

ಕರಣೆ_ಕೈ (ಮಂಡ್ಯ)

ಅಕ್ಕ, ನಾನೂ ಇಪ್ಪತ್ತು ವರ್ಷದಿಂದ ಗಾರೆ ಕೆಲಸ ಮಾಡಿಸುತ್ತಿದ್ದೇನೆ. ನಿಮ್ಮ ಮೇಸ್ತ್ರಿಯನ್ನು ಬೈಯಲ್ಲ. ಒಡೆಯುವುದು ಎರಡು ಗಂಟೆ ಕೆಲಸ ಅನ್ನುವುದು ನಿಜ. ಆದರೆ ಅದು ಯಾವ ಕಾಂಕ್ರೀಟ್ ಅಂತ ಅವರು ನೋಡಿದ್ದಾರಾ? ಗೋಡೆ ಬುಡದಲ್ಲಿ ಸಿಗುವುದೆಲ್ಲ ಪಾಯ ಅಲ್ಲ. ಪಾಯದ ಬೆಡ್, ಅಂದರೆ ಕಲ್ಲಿನ ಕೆಳಗೆ ಹಾಸುವ ಕಾಂಕ್ರೀಟ್, ಇರಬಹುದು. ಪಾಯದ ಮೇಲೆ, ಗೋಡೆಯ ಕೆಳಗೆ ಬರುವ ಪ್ಲಿಂತ್ ಬೀಮ್ ಹಾಕುವಾಗ ಅಚ್ಚಿನ ಶೀಟ್ ಸಂದಿಯಿಂದ ಚೆಲ್ಲಿದ ಮಾಲು ಇರಬಹುದು. ಮಳೆ ನೀರು ಗೋಡೆ ಬುಡಕ್ಕೆ ಇಳಿಯದಿರಲಿ ಅಂತ ಸುತ್ತ ಹಾಕುವ ಪಟ್ಟಿಯೂ ಇರಬಹುದು. ಆವತ್ತು ಉಳಿದ ಮಾಲನ್ನು ಯಾರೋ ಅಲ್ಲೇ ಸುರಿದು ಹೋಗಿದ್ದರೂ ಇರಬಹುದು. ನೋಡಲು ನಾಲ್ಕೂ ಒಂದೇ ತರಹ. ಒಡೆದಾಗ ಮಾತ್ರ ಬೇರೆ ಬೇರೆ.

ಸೈಜು ಕಲ್ಲಿನ ಪಾಯಕ್ಕೆ ಬೆಡ್ ಹಾಕುವುದು ಮೂರ್ನಾಲ್ಕು ಅಡಿ ಆಳದಲ್ಲಿ. ನೆಲದಿಂದ ಒಂದು ಇಂಚಿಗೇ ಸಿಕ್ಕಿದೆ ಅಂದರೆ ಉದ್ದಕ್ಕೂ ಇರುವುದು ಬೆಡ್ ಅಲ್ಲ ಅಂತ ನನ್ನ ಲೆಕ್ಕ. ಪಿಲ್ಲರ್ ಹತ್ತಿರದ್ದು ಮಾತ್ರ ನನಗೂ ಭಯ.

ಅಂಗಳದಾಕೆ

ಮೇಸ್ತ್ರಿಗೆ ಹೇಳಿದೆ, ಶನಿವಾರದವರೆಗೆ ಬೇಡ ಅಂತ. ಸ್ವಲ್ಪ ಮುನಿಸಿಕೊಂಡರು. ಸರಿ, ಅದು ಯಾವ ಕಾಂಕ್ರೀಟ್ ಅಂತ ನಾನು ತಿಳಿಯುವುದು ಹೇಗೆ?

ರಸಮಟ್ಟ (ನಿವೃತ್ತ ಸಿವಿಲ್ ಇಂಜಿನಿಯರ್, ತುಮಕೂರು)

ಒಂದು ಗುಂಡಿ ತೆಗೆದು ನೋಡಿಯೇ ತಿಳಿಯಬೇಕಮ್ಮ. ಗೋಡೆಗೆ ತಾಗಿಸಿ ಒಂದೂವರೆ ಅಡಿ ಚದರದ ಗುಂಡಿ, ಹಾರೆ ಕರಣೆಯಲ್ಲಿ ನಿಧಾನಕ್ಕೆ ಅಗೆಯಿರಿ. ಕಾಂಕ್ರೀಟಿನ ಕೆಳ ಅಂಚು ಕಂಡ ಕೂಡಲೇ ನಿಲ್ಲಿಸಿ. ಅದರ ಹೊಟ್ಟೆಯ ಕೆಳಗೆ ಮಾತ್ರ ಕೈ ಹಾಕಬೇಡಿ. ಒಂದು ಸಲಕ್ಕೆ ಒಂದೇ ಗುಂಡಿ. ಅಳತೆ ತೆಗೆದುಕೊಂಡು ಅದೇ ದಿನ ಮುಚ್ಚಿಬಿಡಿ. ದಪ್ಪ ಎಷ್ಟು, ಕೆಳಗೆ ಏನಿದೆ, ಕಲ್ಲಿಗೆ ಕಚ್ಚಿಕೊಂಡಿದೆಯೇ ಇಲ್ಲವೇ, ಈ ಮೂರನ್ನು ಬರೆದು ಹಾಕಿ. ಪಿಲ್ಲರ್ ಹತ್ತಿರ ಒಂದು, ಬರೀ ಗೋಡೆ ಇರುವ ಕಡೆ ಒಂದು.

ಈಗ ಅದು ನಿಜವಾದ ಪಾಯವೇ ಆಗಿದ್ದರೆ "ಹೊರಗಿನ ಅಂಚು, ಒಡೆದರೆ ಏನೂ ಆಗಲ್ಲ" ಅನ್ನುವ ಮಾತಿಗೆ ಬರೋಣ. ಕೆಸರಿನಲ್ಲಿ ಮಣೆ ಹಾಕಿ, ತಲೆಯ ಮೇಲೆ ಮೂಟೆ ಹೊತ್ತು, ಆ ಮಣೆಯ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಮಣೆಯಲ್ಲಿ ನಿಮ್ಮ ಪಾದ ತಾಗಿರುವ ಜಾಗ ಸ್ವಲ್ಪವೇ. ಉಳಿದದ್ದು ಸುಮ್ನೆ ಇದೆ ಅಂತ ಬಲಗಡೆಯಿಂದ ಒಂದು ಪಟ್ಟಿ ಗರಗಸ ಹಾಕಿ ಕೊಯ್ದರೆ ಏನಾಗುತ್ತದೆ? ಮಣೆ ಬಲಕ್ಕೆ ವಾಲುತ್ತದೆ.

ಲೆಕ್ಕದಲ್ಲೇ ನೋಡಿ. ಗೋಡೆಯ ಒಂದು ಮೀಟರ್ ಉದ್ದಕ್ಕೆ 4 ಟನ್ ಭಾರ ಅಂತ ಇಟ್ಟುಕೊಳ್ಳೋಣ. ಪಾಯದ ತಳ 90 ಸೆಂ.ಮೀ. ಅಗಲ. ಆಗ ಮಣ್ಣಿನ ಮೇಲೆ ಚದರ ಮೀಟರಿಗೆ ಸುಮಾರು 4.4 ಟನ್ ಬೀಳುತ್ತದೆ, ಎಲ್ಲ ಕಡೆ ಒಂದೇ ಸಮ. ಒಂದು ಪಕ್ಕದಿಂದ 15 ಸೆಂ.ಮೀ. ಕೊಯ್ದಿರಿ, ಉಳಿದದ್ದು 75. ಸರಾಸರಿ 5.3 ಟನ್ ಆಯಿತು. ಇಷ್ಟೇ ಆಗಿದ್ದರೆ ನಾನೂ ಪರವಾಗಿಲ್ಲ ಅನ್ನುತ್ತಿದ್ದೆ. ಆದರೆ ಗೋಡೆ ಈಗ ಪಾಯದ ನಡುಮಧ್ಯದಲ್ಲಿ ಇಲ್ಲ, ಏಳೂವರೆ ಸೆಂ.ಮೀ. ಪಕ್ಕಕ್ಕೆ ಸರಿದ ಹಾಗಾಯಿತು. ಇದನ್ನೂ ಸೇರಿಸಿದರೆ ಕೊಯ್ದ ಅಂಚಿನಲ್ಲಿ 8.5 ಟನ್, ಆಚೆ ಅಂಚಿನಲ್ಲಿ 2 ಚಿಲ್ಲರೆ. ಕಾಲು ಭಾಗವನ್ನೂ ಕೊಯ್ದಿಲ್ಲ, ಒಂದು ಕಡೆಯ ಒತ್ತಡ ಹೆಚ್ಚುಕಡಿಮೆ ಎರಡರಷ್ಟು. ಮನೆ ಆವತ್ತೇ ಬೀಳುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಕಿಟಕಿ ಮೂಲೆಯಲ್ಲಿ ಓರೆ ಬಿರುಕು ಕಾಣಿಸುತ್ತದೆ. ಅಷ್ಟು ಹೊತ್ತಿಗೆ ಪೇವರ್ ಹಾಕಿದವರ ನಂಬರೂ ಬದಲಾಗಿರುತ್ತದೆ.

ಪಿಲ್ಲರ್ ಪಾಯದ ಕಥೆ ಇನ್ನೂ ಸೂಕ್ಷ್ಮ. ಅದರೊಳಗೆ ಕಂಬಿ ಇದೆ. ಕಂಬಿ ಇರುವುದು ತಳದಲ್ಲಿ. ಕಂಬಿ ಕೆಲಸ ಮಾಡಬೇಕಾದರೆ ಕಾಂಕ್ರೀಟಿನ ಒಳಗೆ ಅದಕ್ಕೆ ಸಾಕಷ್ಟು ಉದ್ದ ಹಿಡಿತ ಬೇಕು. ಎಂ20 ದರ್ಜೆಯ ಕಾಂಕ್ರೀಟಿನಲ್ಲಿ ಎಫ್‌ಇ415 ದರ್ಜೆಯ ಕಂಬಿಗೆ ಅದರ ದಪ್ಪದ 47 ಪಟ್ಟು. 12 ಮಿ.ಮೀ. ಕಂಬಿಗೆ 564 ಮಿ.ಮೀ., ಸುಮಾರು ಎರಡಡಿ. ನಾಲ್ಕಡಿ ಚದರದ ಪಾಯದಲ್ಲಿ ಪಿಲ್ಲರಿನ ಮುಖದಿಂದ ಅಂಚಿಗೆ ಒಂದೂವರೆ ಅಡಿಯೂ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಕಂಬಿಯ ತುದಿಯನ್ನು ಮೇಲಕ್ಕೆ ಬಗ್ಗಿಸಿರುತ್ತಾರೆ. ಅಂಚು ಒಡೆದರೆ ಮೊದಲು ಹೋಗುವುದೇ ಆ ಬಗ್ಗಿದ ತುದಿ. ಕಂಬಿಯ ಮೇಲೆ 50 ಮಿ.ಮೀ. ಇರಬೇಕಾದ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ, ಹೋಗಿ ಕಂಬಿ ಗಾಳಿ, ನೀರಿಗೆ ತೆರೆದುಕೊಳ್ಳುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬಾಲ್ಕನಿ ಪಿಲ್ಲರ್ ಹತ್ತಿರ ಬ್ರೇಕರ್ ಇಡಲೇಬೇಡಿ.

ವಾಸ್ತುಪ್ರಿಯ

ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ? ಪೂರ್ವಕ್ಕಾದರೆ ಎಡಗಡೆ ಅಂದರೆ ಉತ್ತರ. ಉತ್ತರ ತಗ್ಗಾಗಿರುವುದು ಒಳ್ಳೆಯದೇ. ಈಶಾನ್ಯದ ಮೂಲೆ ಒಡೆಯಬೇಡಿ ಅಷ್ಟೇ.

ಹೊಸಮನೆ_ಸಾಲ

ಈಶಾನ್ಯ ಒಡೆಯಬಾರದು, ಆಗ್ನೇಯ ಒಡೆಯಬಾರದು, ನೈರುತ್ಯ ಒಡೆಯಬಾರದು, ವಾಯವ್ಯವೂ ಒಡೆಯಬಾರದು. ಈ ಒಂದು ವಿಷಯದಲ್ಲಿ ವಾಸ್ತು ಮತ್ತು ಇಂಜಿನಿಯರ್ ಇಬ್ಬರೂ ಒಂದೇ 😄

ಎರೆಮಣ್ಣು (ಹುಬ್ಬಳ್ಳಿ)

ಅಕ್ಕಾರ, ಒಡೆಯುವುದಷ್ಟೇ ಅಲ್ಲ, ಬುನಾದಿ ಪಕ್ಕ ಅಗೆದು ಹಾಗೇ ಬಿಡುವುದೂ ಒಂದು ತಪ್ಪು. ಅದನ್ನು ನಾನು ರೊಕ್ಕ ಕೊಟ್ಟು ಕಲಿತವನು.

ನಮ್ಮದು ಎರೆ ನೆಲ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಒಣಗಿದರೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಇಂಥ ನೆಲಕ್ಕೆ ಅಂತಲೇ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಕೆಳಗೆ ಗಡ್ಡೆಯ ಹಾಗೆ ಉಬ್ಬಿರುವ ಅಂಡರ್ ರೀಮ್ಡ್ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ತಂದರು. ನಮ್ಮದು ಹಳೆ ಮನೆ, ಬರೀ ಕಲ್ಲಿನ ಬುನಾದಿ. ಮೇ ತಿಂಗಳಲ್ಲಿ ಪರಸಿ (ಹಾಸುಗಲ್ಲು) ಹಾಕಿಸಲು ಅಂತ ಗೋಡೆಗುಂಟ ಮೂವತ್ತು ಅಡಿ ಉದ್ದ, ಒಂದೂವರೆ ಅಡಿ ಆಳ ಒಂದೇ ಏಟಿಗೆ ತೋಡಿಸಿದೆವು. ಕೆಲಸದವರು ಊರಿನ ಜಾತ್ರೆಗೆ ಅಂತ ಹೋದವರು ಹತ್ತು ದಿನ ಬರಲಿಲ್ಲ. ಅಷ್ಟರಲ್ಲಿ ಅಡ್ಡಮಳೆ ಸುರಿಯಿತು. ತಗ್ಗಿನಲ್ಲಿ ಮೊಣಕಾಲು ತನಕ ನೀರು ನಿಂತಿತು. ನಾವು ಬಕೆಟಿನಿಂದ ತೋಡಿ ಹಾಕಿದೆವು, ಮರುದಿನ ಮತ್ತೆ ಮಳೆ. ಆಗಸ್ಟ್ ಹೊತ್ತಿಗೆ ಅಡುಗೆಮನೆ ಕಿಟಕಿ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಬಿರುಕು ಬಂತು.

ಒಬ್ಬ ಇಂಜಿನಿಯರ್ ಬಂದು ನೋಡಿ ಅವಸರ ಮಾಡಬೇಡಿ ಅಂದರು. ಬಿರುಕಿಗೆ ಅಡ್ಡಲಾಗಿ ಮೂರು ಕಡೆ ತೆಳ್ಳನೆ ಗಾಜಿನ ಪಟ್ಟಿ ಅಂಟಿಸಿ, ಮೇಲೆ ತಾರೀಕು ಬರೆದರು. ಗೋಡೆ ಇನ್ನೂ ಅಲುಗಾಡುತ್ತಿದ್ದರೆ ಗಾಜು ಒಡೆಯುತ್ತದೆ. ಒಂದು ಒಡೆಯಿತು, ಎರಡು ಉಳಿದವು. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಕಾದು ಆಮೇಲೆ ಬಿರುಕು ತುಂಬಿಸಿದೆವು. ಒಂದು ವರ್ಷ ನಮ್ಮವ್ವ ದಿನಾ ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ಆ ಗಾಜು ನೋಡುತ್ತಿದ್ದರು.

ಕಡಲತಡಿ (ಉಡುಪಿ)

ಓ ದೇವರೇ. ನಮ್ಮಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಮಾರಾಯ್ರೆ, ಗುಂಡಿ ತೆರೆದಿಡುವ ಪ್ರಶ್ನೆಯೇ ಇಲ್ಲ. ಇಲ್ಲಿ ಇಂಟರ್‌ಲಾಕ್ ಹಾಕುವುದಾದರೆ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಬೇಕು.

ಒಂದು ಮಾತು ಸೇರಿಸುತ್ತೇನೆ. ಮುಂಚೆ ಗೋಡೆ ಬುಡದಲ್ಲಿ ಮಣ್ಣು ಇತ್ತು, ಮಾಡಿನ (ಸೂರಿನ) ನೀರು ಬಿದ್ದರೆ ಇಂಗುತ್ತಿತ್ತು. ಈಗ ಇಂಟರ್‌ಲಾಕ್ ಬಂತು. ಅದೇ ನೀರು ಕಲ್ಲಿನ ಮೇಲೆ ಬಿದ್ದು ಸಿಡಿದು ಗೋಡೆಗೆ ಹಾರುತ್ತದೆ. ನಮ್ಮ ಮುರಕಲ್ಲಿನ ಗೋಡೆ ಎರಡಡಿ ಎತ್ತರದ ತನಕ ಪಾಚಿ ಹಿಡಿಯಿತು. ಕೊನೆಗೆ ಮಾಡಿಗೆ ನೀರು ಹಿಡಿದು ಸಾಗಿಸುವ ದಂಬೆ ಹಾಕಿಸಿದ ಮೇಲೆ ಸರಿಯಾಯಿತು. ನಿಮ್ಮ ಬಾಲ್ಕನಿಯ ನೀರು ಎಲ್ಲಿ ಬೀಳುತ್ತದೆ, ನೋಡಿಕೊಳ್ಳಿ.

ಅಂಗಳದಾಕೆ

ಬಾಲ್ಕನಿಯ ಪೈಪು ಸೀದಾ ಪ್ಯಾಸೇಜಿಗೇ ಬೀಳುತ್ತದೆ. ಇದು ಹೊಳೆದೇ ಇರಲಿಲ್ಲ.

ಇನ್ನೊಂದು ಸಂದೇಹ. ಅಷ್ಟೆಲ್ಲ ಕಷ್ಟ ಯಾಕೆ, ಪಾಯ ಮುಟ್ಟದೆ ನೆಲವನ್ನೇ ಏಳೆಂಟು ಇಂಚು ಎತ್ತರಿಸಿದರೆ ಆಗಲ್ವಾ ಅಂತ ಕೇಳಿದೆ. ಆಗ ಗೇಟು ತೆರೆಯಲ್ಲ ಅಂತಾರೆ ಮೇಸ್ತ್ರಿ. ಗೇಟು ಒಳಕ್ಕೇ ತೆರೆಯುವುದು, ಕೆಳಗೆ ಒಂದೂವರೆ ಇಂಚು ಸಂದಿ ಅಷ್ಟೇ. ಜೊತೆಗೆ ಸಂಪಿನ ಮುಚ್ಚಳ, ಎರಡು ಚೇಂಬರ್, ಹಿಂಬಾಗಿಲ ಮೆಟ್ಟಿಲು.

ರಸಮಟ್ಟ

ಮೇಸ್ತ್ರಿ ಹೇಳಿದ್ದು ಇಲ್ಲಿ ಸರಿ. ಏಳೆಂಟು ಇಂಚು ಎತ್ತರಿಸಿದರೆ ಹಿಂಬಾಗಿಲ ಕೆಳಗಿನ ಮೆಟ್ಟಿಲೇ ಮಾಯವಾಗುತ್ತದೆ. ಇಲ್ಲವೇ ಒಂದು ಮೆಟ್ಟಿಲು ಆರು ಇಂಚು, ಇನ್ನೊಂದು ಎರಡು ಇಂಚು ಆಗುತ್ತದೆ. ಕೆಸರಿನಲ್ಲಿ ಜಾರಿದ ನಿಮ್ಮ ಅತ್ತೆಯವರು ಆಮೇಲೆ ಆ ಎರಡಿಂಚಿನ ಮೆಟ್ಟಿಲು ಎಡವುತ್ತಾರೆ. ಸಂಪಿನ ಮುಚ್ಚಳ ಸುತ್ತಲ ನೆಲಕ್ಕಿಂತ ಎತ್ತರದಲ್ಲಿ ಉಳಿಯದಿದ್ದರೆ ಅಂಗಳ ತೊಳೆದ ನೀರು ಕುಡಿಯುವ ನೀರಿಗೆ ಸೇರುತ್ತದೆ.

ಆದರೆ ಪ್ಲಿಂತ್ ಎತ್ತರ ನೋಡಿದರೆ ನಿಮಗೆ ಜಾಗ ಇದೆ. ಮನೆಯ ನೆಲ ಸುತ್ತಲ ಮಣ್ಣಿಗಿಂತ ಕನಿಷ್ಠ 450 ಮಿ.ಮೀ., ಅಂದರೆ ಒಂದೂವರೆ ಅಡಿ ಎತ್ತರ ಇರಬೇಕು ಅನ್ನುವುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾತು. ನಿಮ್ಮದು ಎಷ್ಟಿದೆ ಅಳೆಯಿರಿ. ಅದಕ್ಕಿಂತ ಜಾಸ್ತಿ ಇದ್ದರೆ ಒಂದೆರಡು ಇಂಚು ಏರಿಸಲು ಅಡ್ಡಿಯಿಲ್ಲ. ಗೋಡೆಗೆ ತೇವ ಏರದ ಹಾಗೆ ಹಾಕಿರುವ ಡಿಪಿಸಿ ಪಟ್ಟಿಗಿಂತ ಅರ್ಧ ಅಡಿಯಾದರೂ ಕೆಳಗೆ ಪೇವರ್ ಮುಗಿಯಬೇಕು.

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ಕೊಯ್ಯದಿದ್ದರೂ ಪಾಯಕ್ಕೆ ತೊಂದರೆ ಮಾಡಬಹುದು. ಪಾಯದ ತಳ ನೆಲಮಟ್ಟದಿಂದ 50 ಸೆಂ.ಮೀ. ಆದರೂ ಕೆಳಗಿರಬೇಕು ಅನ್ನುತ್ತದೆ ಐಎಸ್ 1904 ಅನ್ನುವ ಭಾರತೀಯ ಮಾನಕ. ಪಕ್ಕದ ಮಣ್ಣು ಸುಮ್ನೆ ಕೂತಿಲ್ಲ, ಪಾಯದ ಅಡಿಯ ಮಣ್ಣು ಪಕ್ಕಕ್ಕೆ ನುಗ್ಗದಂತೆ ಅದುಮಿ ಹಿಡಿದಿದೆ. ನೀವು ನೆಲವನ್ನೇ ತಗ್ಗಿಸಿದರೆ ಪಾಯ ತಾನಾಗಿಯೇ ಮೇಲೆ ಬಂದ ಹಾಗೆ.

ಕರಣೆ_ಕೈ

ಇನ್ನೊಂದು ದಾರಿ ಹೇಳಲಾ ಅಕ್ಕ? ಪಾಯ ಕೊಯ್ಯುವ ಬದಲು ಗೇಟು ಕೊಯ್ಯಿರಿ. ಕೆಳಗಿನ ಪಟ್ಟಿ ಬಿಡಿಸಿ, ಎರಡು ಇಂಚು ಕತ್ತರಿಸಿ, ಮತ್ತೆ ವೆಲ್ಡಿಂಗ್ ಮಾಡಿಸಿದರೆ ಅರ್ಧ ದಿನದ ಕೆಲಸ. ಕೆಟ್ಟರೂ ಗೇಟು ತಾನೇ.

ಹೊಸಮನೆ_ಸಾಲ

ಇದಕ್ಕೆ ಹತ್ತು ಲೈಕ್ ಕೊಡೋ ಹಾಗಿದ್ದರೆ ಕೊಡುತ್ತಿದ್ದೆ.

ಟೇಮ್ಸ್_ದಂಡೆ (ರೆಡಿಂಗ್, ಇಂಗ್ಲೆಂಡ್)

ಶಿವಮೊಗ್ಗದವನು, ಈಗ ಇಲ್ಲಿದ್ದೇನೆ. ಓದಿ ನಗು ಬಂತು, ಯಾಕೆಂದರೆ ಇದೇ ಜಗಳ ನಮ್ಮ ಬೀದಿಯಲ್ಲೂ ನಡೆಯಿತು. ಇಲ್ಲಿಯ ಹಳೆ ಇಟ್ಟಿಗೆ ಮನೆಗಳಲ್ಲಿ ಗೋಡೆ ನೆಲದೊಳಗೆ ಹೋಗುತ್ತಾ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತದೆ. ಮನೆ ಮುಂದೆ ಕಾರಿಗೆ ಕಲ್ಲು ಹಾಸಲು ಹೋದವರಿಗೆ ಆ ಮೆಟ್ಟಿಲೇ ಅಡ್ಡ. ಜೇಡಿ ಮಣ್ಣಿನ ಊರುಗಳಲ್ಲಿ ಅದನ್ನು ಕೆತ್ತುವುದೆಂದರೆ ನಿಮ್ಮ ಹುಬ್ಬಳ್ಳಿಯ ಕಥೆಯೇ. ನನ್ನ ಕೆಲಸದವನು ಮುಟ್ಟುವುದೇ ಇಲ್ಲ ಅಂದ. ಗೋಡೆ ಉದ್ದಕ್ಕೆ ಒಂದಡಿ ಅಗಲ ಬರೀ ಬೆಣಚು ಕಲ್ಲು ತುಂಬಿ, ಅಲ್ಲಿಂದಾಚೆ ಪೇವಿಂಗ್ ಮಾಡಿದ. ನೋಡಲೂ ಚಂದ, ಗೋಡೆಗೆ ನೀರೂ ಸಿಡಿಯಲ್ಲ.

ಇಲ್ಲಿ ಕಾನೂನೂ ಬಿಗಿ. ಪಕ್ಕದವರ ಮನೆಯಿಂದ 3 ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳ ಅಗೆಯುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಮೊದಲೇ ನೋಟಿಸು ಕೊಡಬೇಕು. 2008ರ ಅಕ್ಟೋಬರಿನಿಂದ ಇನ್ನೊಂದು ನಿಯಮ ಬಂತು. ಮನೆ ಮುಂದಿನ ತೋಟದಲ್ಲಿ 5 ಚದರ ಮೀಟರಿಗಿಂತ ಜಾಸ್ತಿ ಜಾಗಕ್ಕೆ ನೀರು ಇಂಗದ ಹಾಸು ಹಾಕಿ, ನೀರನ್ನು ರಸ್ತೆಗೆ ಬಿಡುವುದಾದರೆ ಅನುಮತಿ ಬೇಕು. ಮೂರೂವರೆ ಅಡಿ ಪ್ಯಾಸೇಜಿನಲ್ಲಿ ನಿಮ್ಮ ಪಕ್ಕದವರ ಪಾಯ ಎಲ್ಲಿದೆ? ಅದನ್ನೂ ಯೋಚಿಸಿ.

ಹೊಸಮನೆ_ಸಾಲ

ಪಕ್ಕದವರ ಪಾಯ? ಬೆಂಗಳೂರಿನಲ್ಲಿ ಕೆಲವು ಕಡೆ ಅದು ನಮ್ಮ ಸೈಟಿನ ಒಳಗೇ ಇರುತ್ತದೆ ಸ್ವಾಮಿ.

ತಮಾಷೆ ಬಿಟ್ಟು ಹೇಳುವುದಾದರೆ, ಇಲ್ಲಿ 2009ರಿಂದ ಹೊಸದಾಗಿ ಕಟ್ಟುವ 30-40 ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ಎಷ್ಟೋ ಜನ ಜಾಗ ಇಲ್ಲ ಅಂತ ಇಂಗುಗುಂಡಿಯನ್ನು ಪಿಲ್ಲರ್ ಬುಡಕ್ಕೇ ತೋಡುತ್ತಾರೆ. ಬಾಲ್ಕನಿ ಪೈಪಿಗೆ ಇಂಗುಗುಂಡಿ ಮಾಡುವುದಾದರೆ ಪಾಯದಿಂದ ಆದಷ್ಟು ದೂರ ಮಾಡಿ ಮೇಡಂ.

ಅಂಗಳದಾಕೆ

ಗುಂಡಿ ತೆಗೆದೆವು! ಭಾನುವಾರ ನಾನೂ ಯಜಮಾನರೂ ಸೇರಿ, ಹಾರೆ ಮತ್ತು ಅಡುಗೆಮನೆಯ ಹಳೆ ಸೌಟು ಹಿಡಿದು.

ಗೋಡೆಯ ಕಡೆ: ಕಾಂಕ್ರೀಟ್ ದಪ್ಪ ಬರೀ ನಾಲ್ಕು ಇಂಚು. ಅದರ ಕೆಳಗೆ ಮಣ್ಣು. ಗೋಡೆಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ, ಅದರೊಳಗೆ ಇರುವೆ ಗೂಡು. ಕೆಳಗೆ ಸೈಜು ಕಲ್ಲು ಬೇರೆಯಾಗಿಯೇ ಕಾಣುತ್ತಿದೆ.

ಪಿಲ್ಲರ್ ಕಡೆ: ಎರಡಡಿ ಅಗೆದರೂ ಕಾಂಕ್ರೀಟಿನ ಕೆಳ ಅಂಚು ಸಿಗಲಿಲ್ಲ. ರಸಮಟ್ಟ ಸರ್ ಹೇಳಿದ್ದು ನೆನಪಾಗಿ ಅಲ್ಲಿಗೇ ನಿಲ್ಲಿಸಿ ಮುಚ್ಚಿದೆವು.

ಮೇಲೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅತ್ತೆ ಆಗ ಬಾಯಿ ಬಿಟ್ಟರು. "ಅದಾ? ಗೃಹಪ್ರವೇಶದ ಹಿಂದಿನ ವಾರ ನಿಮ್ಮ ಮಾವ ಸುತ್ತ ಹಾಕಿಸಿದ್ದು, ಗೋಡೆಗೆ ನೀರು ಹೋಗಬಾರದು ಅಂತ." ಒಂದು ವಾರದಿಂದ ಮನೆಯಲ್ಲಿ ಇದೇ ಮಾತು ನಡೆಯುತ್ತಿದೆ, ಯಾರೂ ಅವರನ್ನು ಕೇಳಿರಲಿಲ್ಲ. ಪಿಲ್ಲರಿನದೂ ಅವರಿಗೇ ನೆನಪು. ಆವತ್ತು ಅಲ್ಲಿ ಮಣ್ಣು ಅರ್ಧ ಅಡಿ ಎತ್ತರಕ್ಕಿತ್ತಂತೆ. ಆಮೇಲೆ ಕುಂಡಗಳಿಗೆ ಅಂತ ನಾವೇ ತೆಗೆದು ತೆಗೆದು ತಗ್ಗು ಮಾಡಿದ್ದೇವೆ. ಆ ಕೆಂಪು ಮಣ್ಣಿನಲ್ಲೇ ನನ್ನ ಗುಲಾಬಿ ಬೆಳೆದಿರುವುದು, ಹೇಳಿಕೊಳ್ಳಲು ನಾಚಿಕೆ.

ಕರಣೆ_ಕೈ

ನಾನು ಹೇಳಲಿಲ್ವಾ! ಉದ್ದಕ್ಕೂ ಇರುವುದು ನೀರಿನ ಪಟ್ಟಿ.

ಅಂಗಳದಾಕೆ

ಹಾಗಾದರೆ ಎಲ್ಲವನ್ನೂ ಒಡೆಯಬಹುದು ಅಂತಾಯಿತಲ್ಲ?

ರಸಮಟ್ಟ

ಎಲ್ಲವನ್ನೂ ಅಲ್ಲ. ಪಟ್ಟಿ ಬೇರೆ, ಪಿಲ್ಲರ್ ಪಾಯ ಬೇರೆ.

ಪಟ್ಟಿ ಮನೆಯ ಭಾರ ಹೊತ್ತಿಲ್ಲ, ತೆಗೆಯಬಹುದು. ಆದರೆ ಅದು ಇಪ್ಪತ್ತು ವರ್ಷದಿಂದ ಮಾಡಿದ ಕೆಲಸವನ್ನು ಇನ್ನು ಮೇಲೆ ನಿಮ್ಮ ಪೇವರ್ ಮಾಡಬೇಕು. ಆದ್ದರಿಂದ ಗೋಡೆಗೆ ತಾಗುವ ಸಾಲನ್ನು ಗಾರೆಯಲ್ಲಿ ಕೂರಿಸಿ. ಒಡೆಯುವಾಗ ದೊಡ್ಡ ಬ್ರೇಕರ್ ಬೇಡ. ಅದರ ಅದುರು ಹಳೆ ಸೈಜು ಕಲ್ಲಿನ ಸಂದಿಯ ಗಾರೆಯನ್ನು ಸಡಿಲಿಸುತ್ತದೆ. ಕಟಿಂಗ್ ಮಷೀನಿನಲ್ಲಿ ಗೆರೆ ಹಾಕಿ, ಉಳಿ ಸುತ್ತಿಗೆಯಲ್ಲಿ ಎಬ್ಬಿಸಲಿ. ಒಂದು ಸಲಕ್ಕೆ ಆರು ಅಡಿ. ಅಷ್ಟು ತೆಗೆದು, ಜಲ್ಲಿ ತುಂಬಿ ಗುದ್ದಿ ಗಟ್ಟಿ ಮಾಡಿ, ಆಮೇಲೆ ಮುಂದಿನ ಆರು ಅಡಿ. ಆಕಾಶದಲ್ಲಿ ಮೋಡ ಇದ್ದರೆ ಆ ದಿನ ಬೇಡ.

ಟೇಮ್ಸ್_ದಂಡೆ

ರಸಮಟ್ಟ ಸರ್, ಒಂದು ಪ್ರಶ್ನೆ. ದಪ್ಪ ಪಾಯದ ಮೇಲಿನ ಮೂಲೆಯನ್ನು ಮಾತ್ರ ಓರೆಯಾಗಿ ಕೆತ್ತಿದರೆ ತೊಂದರೆ ಇಲ್ಲ ಅಂತ ಇಲ್ಲಿ ಕೆಲವರು ಹೇಳುತ್ತಾರೆ. ನಿಜವೇ?

ರಸಮಟ್ಟ

ಅರ್ಧ ನಿಜ. ಕಂಬಿ ಇಲ್ಲದ ದಪ್ಪ ಕಾಂಕ್ರೀಟಿನಲ್ಲಿ ಭಾರ ಗೋಡೆಯ ಅಂಚಿನಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಕೆಳಗಿಳಿದು ಹರಡುತ್ತದೆ. ಆ ಓರೆಗೆರೆಯ ಹೊರಗಿರುವ ಮೇಲಿನ ಮೂಲೆಗೆ ಹೆಚ್ಚು ಕೆಲಸ ಇರುವುದಿಲ್ಲ. ಇಳಿಜಾರು ಪಾಯ ಮಾಡುವಾಗ ಅದನ್ನು ಮೊದಲೇ ಬಿಟ್ಟಿರುತ್ತಾರೆ. ತಳದ ಅಗಲ ಕಡಿಮೆಯಾಗಬಾರದು, ಅಷ್ಟೇ. ಆದರೆ ಕಂಬಿ ಇರುವ ಪಾಯಕ್ಕೆ ಈ ಮಾತು ಹೊಂದುವುದಿಲ್ಲ. ಅಲ್ಲಿ ದಪ್ಪವೇ ಬಲ. ಐಎಸ್ 456 ಪ್ರಕಾರ ಮಣ್ಣಿನ ಮೇಲೆ ಕೂರುವ ಅಂಥ ಪಾಯದ ಅಂಚೂ 150 ಮಿ.ಮೀ.ಗಿಂತ ತೆಳ್ಳಗಿರಬಾರದು. ಇವರ ಪಿಲ್ಲರ್ ಪಾಯದ ನಕ್ಷೆಯೇ ಕೈಯಲ್ಲಿಲ್ಲ, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೆತ್ತಬಾರದು.

ಅಮ್ಮ, 2011ರ ಕೆಲಸಕ್ಕೆ ಬ್ಯಾಂಕ್ ಸಾಲ ಮಾಡಿದ್ದಿರಾ? ಹಾಗಿದ್ದರೆ ಸಾಲದ ಫೈಲಿನಲ್ಲಿ ನಕ್ಷೆಯ ಪ್ರತಿ ಇರಬಹುದು, ಹುಡುಕಿ.

ಅಂಗಳದಾಕೆ

ಫೈಲ್ ಸಿಕ್ಕಿತು ಸರ್. ಅದರಲ್ಲಿ ರೂಮಿನ ನಕ್ಷೆ ಇದೆ, ಸೀಲು ಇದೆ, ಪಾಯದ ವಿವರ ಮಾತ್ರ ಇಲ್ಲ. ಮುಟ್ಟುವುದಿಲ್ಲ ಬಿಡಿ. ಹಾಗಾದರೆ ಅದರ ಮೇಲೆ ಏನು ಹಾಕುವುದು? ಪೇವರ್ 60 ಮಿ.ಮೀ., ಅದರ ಕೆಳಗೆ ಮರಳು ಬೇರೆ.

ಕರಣೆ_ಕೈ

ಲೆಕ್ಕ ಹಾಕೋಣ. ಮಾಮೂಲಿಗೆ ಕೆಳಗೆ ಜಲ್ಲಿ ಮತ್ತು ಡಸ್ಟು (ಕಲ್ಲುಪುಡಿ) ಗುದ್ದಿ ನಾಲ್ಕು ಇಂಚು, ಮೇಲೆ ಎಂ ಸ್ಯಾಂಡ್ ಒಂದು ಇಂಚು ಚಿಲ್ಲರೆ, ಅದರ ಮೇಲೆ ಪೇವರ್ 60 ಎಂಎಂ. ಒಟ್ಟು ಏಳೂವರೆ ಇಂಚು. ನಡೆದಾಡುವ ಜಾಗಕ್ಕೆ 50 ಎಂಎಂ ಪೇವರೂ ಸಾಕು. ಸ್ಕೂಟರ್ ಹೋಗುತ್ತದೆ ಅಂದರೆ 60 ಹಾಕಿ. 80 ತೋರಿಸಲು ಬಂದರೆ ಬೇಡ ಅನ್ನಿ, ಅದು ಗಾಡಿ ಜಾಸ್ತಿ ಓಡಾಡುವ ಕಡೆಗೆ.

ಪಾಯದ ಮೇಲೆ ಜಲ್ಲಿ ಬೇಕಿಲ್ಲ, ಅದೇ ಗಟ್ಟಿ. ಆದರೂ ಪೇವರ್, ಮರಳು ಸೇರಿ ಮೂರೂವರೆ ಇಂಚು ಬೇಕು. ನಿಮ್ಮ ಹತ್ತಿರ ಇರುವುದು ಒಂದು ಇಂಚು. ನೆಲ ಒಂದು ಇಂಚು ಏರಿಸಿದರೆ ಎರಡು ಇಂಚು. ಅಷ್ಟರಲ್ಲಿ ಶಹಾಬಾದ್ ಕಲ್ಲು ಕೂರುತ್ತದೆ. ಒಂದು ಇಂಚಿನ ಕಲ್ಲು, ಕೆಳಗೆ ಒಂದು ಇಂಚು ಗಾರೆ. ಎರಡು ಪಿಲ್ಲರ್ ಹತ್ತಿರ ಎರಡು ಚೌಕ, ಬಣ್ಣ ಬೇರೆ ಇರಲಿ, ಬೇಕೆಂದೇ ಮಾಡಿಸಿದ ಹಾಗೆ ಕಾಣುತ್ತದೆ. ಪಾಲಿಶ್ ಕಲ್ಲು ಮಾತ್ರ ಬೇಡ, ನೀರು ಬಿದ್ದರೆ ಜಾರುತ್ತದೆ.

ಅಲ್ಲಿ ಒಂದು ಗುಟ್ಟು ಇದೆ. ಪಾಯದ ಮೇಲೆ ಕೂತದ್ದು ಯಾವತ್ತೂ ಇಳಿಯಲ್ಲ. ಪಕ್ಕದ ಮಣ್ಣಿನ ಮೇಲೆ ಕೂತದ್ದು ಒಂದು ಮಳೆಗಾಲದಲ್ಲಿ ಸ್ವಲ್ಪವಾದರೂ ಇಳಿಯುತ್ತದೆ. ಎರಡರ ಮೇಲೂ ಒಂದೇ ಪೇವರ್ ಕೂರಿಸಿದರೆ ಕುದುರೆ ಮೇಲೆ ಕೂತ ಹಾಗೆ ಆಡುತ್ತಿರುತ್ತದೆ, ಅಥವಾ ಒಡೆಯುತ್ತದೆ. ಅದಕ್ಕೇ ಪಾಯದ ಅಂಚಿಗೆ ಸರಿಯಾಗಿ ಕಲ್ಲು ಮುಗಿಯಬೇಕು, ಅಲ್ಲಿಂದ ಪೇವರ್ ಶುರುವಾಗಬೇಕು. ನಡುವಿನ ಸಂದಿಗೆ ಸಿಮೆಂಟ್ ಹಾಕಬಾರದು, ಮರಳು. ಪಾಯದ ಪಕ್ಕದ ಮಣ್ಣನ್ನು ನೀರು ಚಿಮುಕಿಸಿ, ಆರು ಇಂಚಿಗೊಂದು ಪದರ ಮಾಡಿ ಗುದ್ದಿಸಿ. ನೀವು ಗುಂಡಿ ತೆಗೆದ ಎರಡು ಕಡೆ ಮರೆಯದೆ.

ಎರೆಮಣ್ಣು

ವಾಟದ (ನೀರು ಹರಿಯಲು ಕೊಡುವ ಇಳಿಜಾರಿನ) ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ.

ರಸಮಟ್ಟ

ಸರಿಯಾಗಿ ಹಿಡಿದಿರಿ. 50ಕ್ಕೆ 1 ವಾಟ, ಗೋಡೆಯಿಂದ ಕಾಂಪೌಂಡಿನ ಕಡೆಗೆ. ಮೂರೂವರೆ ಅಡಿಗೆ ಸುಮಾರು 20 ಮಿ.ಮೀ. ಇಳಿತ ಬರುತ್ತದೆ. ಕಾಂಪೌಂಡಿನ ಬುಡದಲ್ಲಿ ನಾಲ್ಕು ಇಂಚಿನ ಕಾಲುವೆ, ಅದಕ್ಕೆ ರಸ್ತೆ ಕಡೆ ಇನ್ನೊಂದು ವಾಟ. ಬಾಲ್ಕನಿ ಪೈಪನ್ನು ಆ ಕಾಲುವೆಗೆ ತಿರುಗಿಸಿ. ಮಟ್ಟವನ್ನು ಕಣ್ಣಳತೆಯಲ್ಲಿ ಬಿಡಬೇಡಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗೋಡೆ ಉದ್ದಕ್ಕೂ ಮೊದಲೇ ಗುರುತು ಹಾಕಿಸಿ. ಆ ಗೆರೆಯಿಂದ ಎಷ್ಟು ಇಂಚು ಕೆಳಗೆ ಪೇವರ್ ಅಂತ ಬರೆದಿಡಿ. ಪ್ಯಾಸೇಜಿನ ಅರ್ಧ ಜಗಳ ಮಟ್ಟದ್ದು, ಕಾಂಕ್ರೀಟಿನದಲ್ಲ.

ಅಂಗಳದಾಕೆ

ತುಂಬ ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಮೊದಲ ಮೇಸ್ತ್ರಿಯೇ ಬಂದರು. ನಾಲ್ಕು ಇಂಚಿನ ಪಟ್ಟಿ ತೋರಿಸಿ, ಪಿಲ್ಲರ್ ಮುಟ್ಟಬಾರದು ಅಂದೆ. "ಇದು ಪಾಯ ಅಲ್ಲ ಅಂತ ನಾನು ಅವತ್ತೇ ಹೇಳಿದ್ದೆ" ಅಂದರು! ನಾನು ಸುಮ್ಮನಾದೆ. ಕೆಲಸ ಅಚ್ಚುಕಟ್ಟಾಗಿ ಮಾಡಿದರು. ಆರು ಆರು ಅಡಿ ತೆಗೆದು ತುಂಬುತ್ತಾ ಐದು ದಿನ ಹಿಡಿಯಿತು. ಪ್ಲಿಂತ್ ಅಳೆದರೆ 19 ಇಂಚು ಇತ್ತು, ಒಂದು ಇಂಚು ಏರಿಸಿದ ಮೇಲೂ 18 ಉಳಿದಿದೆ. ಗೇಟಿನ ಕೆಳಗೆ ಒಂದೂವರೆ ಇಂಚು ಕತ್ತರಿಸಿದೆವು. ಸಂಪಿನ ಸುತ್ತ ಒಂದು ಸಾಲು ಇಟ್ಟಿಗೆ ಕಟ್ಟಿ ಮುಚ್ಚಳ ಎತ್ತರಿಸಿದೆವು. ಪಿಲ್ಲರ್ ಹತ್ತಿರ ಎರಡು ಶಹಾಬಾದ್ ಚೌಕಗಳು, ಅತ್ತೆ ಒಂದರ ಮೇಲೆ ಆಗಲೇ ರಂಗೋಲಿ ಹಾಕುತ್ತಿದ್ದಾರೆ.

ಮೊದಲ ಜೋರು ಮಳೆ ಮೊನ್ನೆ ಬಂತು. ನೀರೆಲ್ಲ ಕಾಂಪೌಂಡ್ ಕಡೆ ಓಡಿತು. ಎರಡು ಮೂರು ಪೇವರ್ ಸಂದಿಯ ಮರಳು ಕೊಚ್ಚಿ ಹೋಗಿದೆ. ಒಗೆಯೋ ಕಲ್ಲಿನ ಮೂಲೆಯಲ್ಲಿ ಒಂದು ಚೊಂಬಿನಷ್ಟು ನೀರು ಇನ್ನೂ ನಿಲ್ಲುತ್ತಿದೆ.

ಕರಣೆ_ಕೈ

ಸಂದಿಗೆ ಒಣ ಮರಳು ಗುಡಿಸಿ ತುಂಬಿ, ಮೊದಲ ಮಳೆಗೆ ಹೋಗುವುದು ಸಹಜ. ಒಗೆಯೋ ಕಲ್ಲಿನ ಮೂಲೆಯ ನಾಲ್ಕು ಪೇವರ್ ಎತ್ತಿ, ಕೆಳಗೆ ಅರ್ಧ ಇಂಚು ಮರಳು ಸೇರಿಸಿ ಮತ್ತೆ ಕೂರಿಸಿದರೆ ಆಯಿತು ಅಕ್ಕ. ಅದಕ್ಕೆ ಮೇಸ್ತ್ರಿಯೂ ಬೇಡ, ಸ್ಕ್ರೂಡ್ರೈವರ್ ಸಾಕು.

ಅಂಗಳದಾಕೆ

ಯಜಮಾನರು ಸೌಟು ಹುಡುಕುತ್ತಿದ್ದಾರೆ.